ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು

ನಮ್ಮೂರಿನಲ್ಲಿ ಹಿರಿಯರೊಬ್ಬರು ಕ್ಷೌರಕ್ಕೆ ಕೂತರೆ ಅಂಗಡಿಯಲ್ಲಿದ್ದವರೆಲ್ಲ ನಾಲಿಗೆ ಬಿಗಿ ಹಿಡಿಯಬೇಕು. ಕತ್ತಿ ಗಂಟಲ ಮೇಲಿರುವಾಗ ಯಾರಾದರೂ ಮೈಮರೆತು ಆ ಹಿರಿಯರ ಮನೆಯ ಮಾತನ್ನು ಆಡಿಬಿಟ್ಟರೆ ಅವರಿಗೆ ತಟ್ಟನೆ ಬಿಕ್ಕಳಿಕೆ ಬರುತ್ತದೆ. ಮುಂದಿನದನ್ನು ಊರದೇವರು ಕಲ್ಲೇಶ್ವರನೇ ನೋಡಿಕೊಳ್ಳಬೇಕು. ಬೇರೆ ಊರುಗಳಲ್ಲಿ ಯಾರೋ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದಂತೆ. ನಮ್ಮಲ್ಲಿ ಬರಿಯ ನೆನಪಿಗೆ ಏನೂ ಆಗುವುದಿಲ್ಲ. ಒಬ್ಬನು ಮಾಡಿದ ಕೆಲಸ ಊರಿನ ಬಾಯಲ್ಲಿ ಮಾತಾಗಿ ನಿಂತರೆ, ಆ ಮಾತನ್ನು ಯಾರು ಎಲ್ಲಿ ಆಡಿದರೂ ಅವನಿಗೊಂದು ಬಿಕ್ಕಳಿಕೆ. ಅವನು ಶಿವನ ಪಾದ ಸೇರಿದ ಮೇಲೆ ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರಿಗೆ. ಗಂಡಾಗಲಿ, ಹೆಣ್ಣಾಗಲಿ, ಸೊಸೆಯಾಗಿ ಬಂದವಳಾಗಲಿ, ಬಿಕ್ಕಳಿಕೆ ಭೇದ ಮಾಡುವುದಿಲ್ಲ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಹಿರಿಯರು ಮನೆ ಬಿಟ್ಟು ಹೊರಟರೆ ಹೆಗಲ ಮೇಲೊಂದು ವಸ್ತ್ರ, ದವಡೆಯಲ್ಲೊಂದು ಬೆಲ್ಲದ ಚೂರು ಇರಲೇಬೇಕು. ಜಗಳವಾದರೆ ಯಾರೂ ಕಲ್ಲು ತೂರುವುದಿಲ್ಲ. ವೈರಿಯ ಎದುರುಗಟ್ಟೆಯ ಮೇಲೆ ಕೂತು ಅವನ ಮನೆಯ ಮಾತನ್ನು ಜಪ ಮಾಡಿದ ಹಾಗೆ ಹೇಳುತ್ತಾ ಹೋಗುತ್ತಾರೆ, ಒಳಗಿನ ಮುದುಕ ಎದೆ ಹಿಡಿದುಕೊಂಡು ರಾಜಿಗೆ ಬರುವ ತನಕ. ಹೆಣ್ಣು ನೋಡಲು ಬಂದವರು ಹೊಲ ಮನೆ ವಿಚಾರಿಸುವ ಮೊದಲು, “ನಿಮ್ಮ ಹಿರ್ಯಾರು ಬಿಕ್ಕತಾರೇನ್ರಿ?” ಎಂದು ಕೇಳುತ್ತಾರೆ. ಬಿಕ್ಕದ ಮನೆ ಎಂದರೆ ಹೆಸರಿಲ್ಲದ ಮನೆ.

ಮಾತು ಹುಟ್ಟಿದ ಬಗೆಗೂ ಅದನ್ನು ಆಡುವ ಬಗೆಗೂ ಸಂಬಂಧ ಇರಬೇಕೆಂದೇನೂ ಇಲ್ಲ. ಸುಮ್ಮಸುಮ್ಮನೆ ಗಾಬರಿಯಾಗುವವರನ್ನು ಕಂಡರೆ ‘ಒಲೆ ಮುಂದೆ ಕೊಡೆ ಹಿಡಿದಳು’ ಎಂದು ನಗುತ್ತೇವೆ. ಆ ಮಾತಿನ ಒಡತಿಗೆ ಗಾಬರಿ ಎಂದರೇನೆಂದೇ ಗೊತ್ತಿರಲಿಲ್ಲ. ಸೋರುವ ಸೂರಿನ ಕೆಳಗೆ, ಒಲೆ ಆರಕೂಡದೆಂದು ಅತ್ತೆ ಕಟ್ಟಪ್ಪಣೆ ಮಾಡಿದಾಗ, ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಲ್ಲಿ ರೊಟ್ಟಿ ಬಡಿದು ಮಳೆಗಾಲ ಪೂರ್ತಿ ಮನೆಮಂದಿಯ ಹೊಟ್ಟೆ ತುಂಬಿಸಿದ ಗಟ್ಟಿಗಿತ್ತಿ ಆಕೆ. ಏನೋ ಕೇಳಲು ಹೋಗಿ ಬಾಯಿ ಬಿಡದೆ ಬಂದವನಿಗೆ ‘ಕುದುರೆಗೆ ಕೈಮುಗಿದು ಬಂದ’ ಎನ್ನುತ್ತೇವೆ. ನಿಜವಾಗಿ ಕೈಮುಗಿದವನು ಬಾಯಿ ತುಂಬ ಮಾತಾಡಿದ್ದ. ಅವನಿಗೆ ಕಣ್ಣು ಮಂಜು. ಬಾಗಿಲಲ್ಲಿ ಕಟ್ಟಿದ್ದ ಕುದುರೆಯನ್ನೇ ಸಾಹುಕಾರರೆಂದು ತಿಳಿದು ತನ್ನ ಕಷ್ಟವನ್ನೆಲ್ಲ ತೋಡಿಕೊಂಡು, ಅದು ತಲೆಯಾಡಿಸಿದ್ದನ್ನು ಕಂಡು ಸಮಾಧಾನದಿಂದ ಮನೆಗೆ ಬಂದ. ಊರು ಒಬ್ಬ ಮನುಷ್ಯನಿಂದ ತನಗೆ ಬೇಕಾದ ತುಣುಕನ್ನು ಮುರಿದಿಟ್ಟುಕೊಂಡು ಉಳಿದದ್ದನ್ನು ದೇವರಿಗೆ ಬಿಡುತ್ತದೆ. ದೇವರು ಬೇಸರವಿಲ್ಲದೆ ಎತ್ತಿಟ್ಟುಕೊಳ್ಳುತ್ತಾನೆ ಎಂದು ನಾನು ನಂಬಿದ್ದೇನೆ.

ಇಂಥ ಮಾತುಗಳಲ್ಲೆಲ್ಲ ದೊಡ್ಡದು ‘ಬಾಗಿಲಿಗೆ ಬೆನ್ನು ಕೊಟ್ಟು ನಿಂತ’ ಎನ್ನುವುದು. ಎದೆಗಾರಿಕೆಗೆ ನಮ್ಮಲ್ಲಿ ಬೇರೆ ಮಾತೇ ಇಲ್ಲ. ಜ್ವರದಲ್ಲೂ ಮಕ್ಕಳಿಗೆ ಬುತ್ತಿ ಕಟ್ಟಿದ ತಾಯಿಗೂ ಅದೇ, ಗೂಳಿಯೆದುರು ಕದಲದವನಿಗೂ ಅದೇ. ಈ ಮಾತು ಗೌಡರ ಮನೆಯದೆಂದು ಊರಿಗೆ ಊರೇ ಒಪ್ಪಿತ್ತು. ಹಿಂದೆ ದಂಡು ಬಂದಾಗ, ಊರಿನ ಜನ ಕೋಟೆಯೊಳಗೆ ಓಡಿ ಅಗಸೆ ಬಾಗಿಲು ಹಾಕಿಕೊಂಡಾಗ, ಅಡಿವೆಪ್ಪಗೌಡ ಎಂಬ ಹಿರಿಯ ಒಬ್ಬನೇ ಹೊರಗುಳಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತನಂತೆ. ಅವನ ಕಣ್ಣಿನ ಕೆಂಪು ಕಂಡು ದಂಡು ಹಿಂದಿರುಗಿತಂತೆ. ಈಗಿನ ದ್ಯಾಮನಗೌಡರು ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಎದೆ ಮುಂದೆ ಮಾಡಿ, ಮೀಸೆ ಅಲ್ಲಾಡುವಂತೆ ‘ಬಿಕ್’ ಎನ್ನುತ್ತಿದ್ದರು. ಬಹಳ ಗಂಭೀರವಾದ ಬಿಕ್ಕಳಿಕೆ. ಅವರು ಮನೆಯೊಳಗೆ ಮಲಗಿದ್ದಾಗ, ಹೊರಗೆ ಯಾರೋ ಆಡಿದ ಮಾತಿಗೆ ಬಿಕ್ಕಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ನನಗೆ ಗೊತ್ತಾದದ್ದು ಬಾಳವ್ವನಿಂದ. ಬಾಳವ್ವ ನನ್ನ ನೆರೆಯವಳು, ನಡುವೆ ಒಂದೇ ಗೋಡೆ. ಗಂಡ ಹೋದ ಮೇಲೆ ಆ ಮನೆಗೆ ಆಕೆಯೇ ಹಿರಿಯಳು. ಮನೆ ಇರುವುದು ಹಳೆಯ ಅಗಸೆ ಬಾಗಿಲಿಗೆ ಅಂಟಿಕೊಂಡು. ನಾನು ಸಂಜೆ ಗುಡಿಯಲ್ಲಿ ಪುರಾಣ ಓದುವವನು. ವೀರರ ಪ್ರಸಂಗ ಬಂದಾಗ ಸಹಜವಾಗಿ ಆ ಮಾತು ಬಾಯಿಗೆ ಬರುತ್ತಿತ್ತು, ಬಂದಾಗಲೆಲ್ಲ ಬಾಳವ್ವ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು. ಒಂದು ಮುಂಜಾನೆ ಗೋಡೆಯ ಆಚೆಯಿಂದ ಬಂದು ಕಟ್ಟೆಯ ಮೇಲೆ ಕೂತಳು.

“ಅಜ್ಜಾರ, ನಿಮ್ಮ ಪುರಾಣ ಕೇಳಿದರ ಪುಣ್ಯಾ ಬರ್ತೈತಿ ಖರೆ. ಆದ್ರ ಆ ಒಂದು ಮಾತು ಬಿಟ್ಟು ಓದಿದರ ಪುಣ್ಯದ ಕೂಡ ಉಸರೂ ಬರ್ತೈತ್ರಿ.”

“ಯಾವ ಮಾತವ್ವಾ?”

“ಆಡಬ್ಯಾಡ್ರಿ! ಹೊಟ್ಟಿ ತುಂಬ ಅಂಬಲಿ ಕುಡದು ಬಂದೇನಿ.”

ಆಗ ಹೇಳಿದಳು. ದಂಡು ಬಂದ ಆ ದಿನ ಅವಳ ಗಂಡನ ಮುತ್ತಜ್ಜ ನಿಂಬೆಪ್ಪ ಚೆಂಬು ಹಿಡಿದು ಬಯಲ ಕಡೆಗೆ ಹೋಗಿದ್ದ. ಕೂಗು ಕೇಳಿ ಓಡಿ ಬಂದ. ಆದರೆ ಅವನಿಗಿಂತ ಮೊದಲು ಓಡಿ ಒಳಗೆ ಸೇರಿದ್ದ ಅಡಿವೆಪ್ಪಗೌಡ ಬಾಗಿಲು ದೂಡಿ ಅಗಳಿ ಹಾಕಿಬಿಟ್ಟ. ಒಳಗೆ ನುಗ್ಗಬೇಕೆಂದು ಹಿಮ್ಮುಖವಾಗಿ ಒತ್ತುತ್ತಿದ್ದ ನಿಂಬೆಪ್ಪನ ಧೋತರದ ಕಚ್ಚೆ ಎರಡು ಕದಗಳ ನಡುವೆ ಸಿಕ್ಕಿತು. “ಧೋತರ ಸಿಕ್ಕೈತ್ರೋ, ತಗೀರ್ರೋ” ಎಂದು ಕೂಗಿದ. ಗೌಡ ತೆಗೆಯಲಿಲ್ಲ. ಕದಲಿದರೆ ಮಾನ ಹೋಗುತ್ತದೆ, ನಿಂತರೆ ಜೀವ ಹೋಗುತ್ತದೆ. ನಿಂಬೆಪ್ಪ ನಿಂತ. ದಂಡಿನ ನಾಯಕ ನೋಡಿದ: ಊರೆಲ್ಲ ಓಡಿ ಹೋಗಿದೆ, ಒಬ್ಬನೇ ಒಬ್ಬ, ಕೈಯಲ್ಲಿ ಆಯುಧವಿಲ್ಲ, ಒಂದು ಚೆಂಬು, ರೆಪ್ಪೆ ಕೂಡ ಮಿಟುಕಿಸದೆ ನಿಂತಿದ್ದಾನೆ. ಯಾರೋ ಸಿದ್ಧಪುರುಷ, ಚೆಂಬಿನ ನೀರು ಚಿಮುಕಿಸಿದರೆ ಕುದುರೆಗಳೆಲ್ಲ ಕಲ್ಲಾದಾವು ಎಂದು ಹೆದರಿ ಕೈಮುಗಿದು ಹೊರಟುಹೋದ.

“ಬಾಗಲಾ ತಗದದ್ದು ಸಂಜೀಕ. ಮಂದಿಯೆಲ್ಲಾ ಮನ್ಯಾಗ ಅಡಗಿದ್ದರು, ನೋಡಿದಾವ್ರು ಯಾರೂ ಇಲ್ಲ” ಎಂದಳು ಬಾಳವ್ವ. “ಗೌಡ ನಮ್ಮ ಮುತ್ಯಾಗ ಅಂದನಂತ: ಈ ಅಗಸಿ ಮನಿ ನಿನಗ. ಬಿಕ್ಕಳಿಕಿ ನಿನ್ನದು, ಕಥಿ ನನ್ನದು. ಒಂದ ಬಿಕ್ಕು ಹೊರಗ ಕೇಳಿತೋ, ಮನಿ ಬಿಡಸತೇನಿ.”

ಮನೆ ಕೊಡುವುದಾಗಲಿ ಬಿಡಿಸುವುದಾಗಲಿ ನಮ್ಮೂರಿನಲ್ಲಿ ಬಾಯಿಮಾತಿನ ಕೆಲಸ. ಕೊಟ್ಟ ಮನೆತನದ ಹಿರಿಯ ತಾನೇ ಬಂದು, ಆ ಮನೆಯ ಹೊಸ್ತಿಲ ಮುಂದೆ ನಿಂತು, ಒಂದೇ ಉಸಿರಿನಲ್ಲಿ ಹೇಳಬೇಕು. ಮಗನನ್ನೋ ಕಾರಭಾರಿಯನ್ನೋ ಕಳಿಸಿದರೆ ನಡೆಯದು. ನಡುವೆ ಬಿಕ್ಕಳಿಕೆ ಬಂದು ಮಾತು ತುಂಡಾದರೂ ನಡೆಯದು, ಊರೇ ಅಡ್ಡ ಬಂದ ಲೆಕ್ಕ. ದ್ಯಾಮನಗೌಡರಿಗಂತೂ ಆ ಭಯವೇ ಇರಲಿಲ್ಲ. ಅವರ ಗಂಟಲು ಅವರ ಮಾತು ಕೇಳುತ್ತಿತ್ತು.

ಹೀಗಿರುವಾಗ ಅವರಿಗೆ ಅಡಿವೆಪ್ಪಗೌಡನ ಮೂರ್ತಿ ನಿಲ್ಲಿಸುವ ಮನಸ್ಸಾಯಿತು. ಬರುವ ಹುಣ್ಣಿಮೆಗೆ, ಅದೇ ಅಗಸೆ ಬಾಗಿಲಲ್ಲಿ, ಅಂದರೆ ಬಾಳವ್ವನ ಮನೆಯ ಎದುರಿಗೇ. ಶಿಲ್ಪಿಯೊಬ್ಬ ಬಂದು ಕೆತ್ತಿದ. ಕೈಯಲ್ಲಿ ಕತ್ತಿ, ಮೂಗಿನ ಕೆಳಗೆ ಮೊಳದುದ್ದದ ಮೀಸೆ. ಬೆನ್ನ ಹಿಂದೆ ಹೇಗಿರಬೇಕೆಂದು ಶಿಲ್ಪಿ ಕೇಳಿದ್ದಕ್ಕೆ ಗೌಡರು, “ಗ್ವಾಡಿಗೆ ಹಚ್ಚಿ ನಿಲ್ಲಸತೇವಿ, ಬೆನ್ನಿಗೆ ಕೆಲಸಾ ಮಾಡಬ್ಯಾಡ” ಎಂದರು. ಆ ದಿನ ದೂರದ ಪಂಡಿತರೊಬ್ಬರು ಬಂದು ನುಡಿಗಟ್ಟಿನ ಮೂಲದ ಮೇಲೆ ಉಪನ್ಯಾಸ ಮಾಡುವವರಿದ್ದರು. ಜನವೆಲ್ಲ ಕೂಡಿ ಆ ಮಾತನ್ನು ಘೋಷಿಸುವ ಏರ್ಪಾಟೂ ಇತ್ತು.

ಗೌಡರು ತಾವಾಗಿ ಬಾಳವ್ವನ ಮನೆಗೆ ಬಂದರು. ಗೋಡೆ ತೆಳುವಾದ್ದರಿಂದ ನನಗೆ ಎಲ್ಲ ಕೇಳಿಸಿತು.

“ಬಾಳವ್ವಾ, ಹುಣ್ಣಿವಿ ದಿನಾ ನೀ ನಿನ್ನ ತಂಗಿ ಊರಿಗೆ ಹೋಗಿ ಬಾ.”

“ಮನ್ಯಾಗ ಹಸಿ ಬಾಣಂತಿ ಅದಾಳ್ರಿ ಗೌಡ್ರ. ಮೊಮ್ಮಗಳು ಕಲ್ಲವ್ವ ಹಡದು ಇನ್ನಾ ತೊಟ್ಟಲದಾಗ ಹಾಕಿಲ್ಲ. ಯಾರಿಗೆ ಬಿಟ್ಟು ಹೋಗಲಿ?”

“ಹಂಗಾದ್ರ ಬಾಯಾಗ ಏನರ ಇಟಗೊ.”

“ಬೆಲ್ಲಾ ಇಟಗೊಂಡು ಇಟಗೊಂಡು ಹಲ್ಲೆಲ್ಲಾ ಹೋಗ್ಯಾವು. ಇನ್ನೇನ ಇಟಗೋಳ್ರಿ, ಬೀಸುಕಲ್ಲು?”

“ಚ್ಯಾಷ್ಟಿ ಸಾಕು. ಅವತ್ತ ಒಂದ ಬಿಕ್ಕು ಹೊರಗ ಕೇಳಿತೋ, ಮರುದಿನಾ ನಾ ಇಲ್ಲೇ ಈ ಹೊಸ್ತಿಲಕ್ಕ ಬಂದು ನಿಲ್ತೇನಿ. ಏನ ಹೇಳತೇನಿ ಅಂತ ನಿನಗ ಗೊತ್ತೈತಿ.”

ಅವರು ಹೋದ ಮೇಲೆ ಬಾಳವ್ವ ನನ್ನಲ್ಲಿಗೆ ಬಂದಳು. ಯಾವತ್ತೂ ನಗುವ ಮುಖ ಅಂದು ಬತ್ತಿತ್ತು. “ನಂದೇನ ಬಿಡ್ರಿ ಅಜ್ಜಾರ, ಗುಡಿ ಕಟ್ಟಿ ಮ್ಯಾಲೆ ಮಲಗತೇನಿ. ಕೂಸು ಬಾಣಂತಿ ಎಲ್ಲಿಗೆ ಹೋಗಬೇಕು?”

ನಾನು ಕಲ್ಲೇಶ್ವರನ ಮುಂದೆ ಬಹಳ ಹೊತ್ತು ಕೂತೆ. ದೇವರು ಉತ್ತರ ಕೊಡುವುದು ಕಡಿಮೆ, ಆದರೆ ಅಂದು ಗುಡಿಯ ಹೊರಗೆ ಹಲಗೆಯ ಯಮನಪ್ಪ ತನ್ನ ವಾದ್ಯಕ್ಕೆ ಶಾಖ ಕೊಡುತ್ತಾ ಕೂತಿದ್ದ. ಅದನ್ನೇ ಉತ್ತರವೆಂದು ತಿಳಿದೆ. ಗೌಡರ ಬಳಿ ಹೋಗಿ, ಹಿರಿಯರ ಮಾತು ಬರಿದೆ ಕಿವಿಗೆ ಬೀಳಬಾರದು, ಪ್ರತಿ ಸಲವೂ ಹಲಗೆಯ ಪೆಟ್ಟಿನ ಗೌರವ ಸಲ್ಲಬೇಕು ಎಂದು ಅರಿಕೆ ಮಾಡಿಕೊಂಡೆ. ಗೌಡರಿಗೆ ಗೌರವ ಎಂಬ ಶಬ್ದ ಕೇಳಿದರೆ ಸಾಕು. “ಜೋರಾಗಿ ಬಾರಸ್ಲಿ” ಎಂದರು.

ಹುಣ್ಣಿಮೆಯ ದಿನ ಅಗಸೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪಂಡಿತರು ಎದ್ದು ನಿಂತರು. ಆ ಮಾತಿಗೆ ಮೂರು ಮೂಲಗಳಿವೆ, ಮೂರೂ ಒಂದನ್ನೊಂದು ಅಲ್ಲಗಳೆಯುತ್ತವೆ, ಆದ್ದರಿಂದ ಮೂರೂ ಸತ್ಯ ಎಂದು ಶುರುಮಾಡಿದರು. ಆ ಮಾತು ಬಂದಾಗಲೆಲ್ಲ ಯಮನಪ್ಪನ ಹಲಗೆ ‘ಢಣ್’ ಎನ್ನುತ್ತಿತ್ತು, ಗೌಡರು ಮೀಸೆ ಅಲ್ಲಾಡಿಸಿ ಬಿಕ್ಕುತ್ತಿದ್ದರು, ಒಳಗೆ ಬಾಳವ್ವನ ಬಿಕ್ಕಳಿಕೆ ಹಲಗೆಯ ಸದ್ದಿನಡಿ ಅಡಗುತ್ತಿತ್ತು. ನಾನು ಬಾಗಿಲ ಬಳಿ ನಿಂತು ಶಿವನಾಮ ಹೇಳುತ್ತಿದ್ದೆ. ಹೊತ್ತು ಸರಿಯಿತು, ಊಟದ ಹೊತ್ತು ಹತ್ತಿರವಾಯಿತು, ಕಾರ್ಯ ಸುಸೂತ್ರವಾಗಿ ಮುಗಿಯಿತೆಂದೇ ಭಾವಿಸಿದೆ.

ಪಂಡಿತರು ಕೊನೆಯ ಮಾತಿಗೆ ಬಂದರು. ಕಂಠ ಏರಿಸಿದರು. “ಮಹಾಜನಗಳೇ, ಆ ವೀರನು ಅಂದು ಏನು ಮಾಡಿದನು? ಜಗತ್ತೇ ಓಡಿದಾಗ ಅವನೊಬ್ಬನೇ...” ಎಂದು ನಿಲ್ಲಿಸಿ, ಗಂಟಲು ಒಣಗಿತೋ ಏನೋ, ನೀರಿನ ಲೋಟಕ್ಕೆ ಕೈ ಹಾಕಿದರು.

ಗೌಡರು “ಬಿಕ್” ಎಂದರು.

ಸಭೆಯೆಲ್ಲ ಅವರತ್ತ ತಿರುಗಿತು. ಮಾತು ಇನ್ನೂ ಬಂದೇ ಇರಲಿಲ್ಲ. ಪಂಡಿತರು ನೀರು ಕುಡಿದು ಮುಗಿಸಿ, ಏನೂ ಅರಿಯದೆ, “ಬಾಗಿಲಿಗೆ ಬೆನ್ನು ಕೊಟ್ಟು ನಿಂತನು!” ಎಂದರು. ಯಮನಪ್ಪ ಗೌಡರ ಮುಖವನ್ನೇ ನೋಡುತ್ತಾ ಹಲಗೆ ಮರೆತಿದ್ದ. ಆ ನಿಶ್ಶಬ್ದದಲ್ಲಿ ಬಾಳವ್ವನ ಮನೆಯೊಳಗಿನಿಂದ, ಅತ್ಯಂತ ಸ್ಪಷ್ಟವಾಗಿ, ಒಂದು ಬಿಕ್ಕಳಿಕೆ ಕೇಳಿಸಿತು.

“ಏ, ಆ ಮನ್ಯಾಗ ಬಂತಲೇ!” ಎಂದ ಒಬ್ಬ.

“ಸುಳ್ಳ. ಇನ್ನೊಮ್ಮೆ ಹೇಳಿ ನೋಡು.”

“ಬಾಗಿಲಿಗೆ ಬೆನ್ನು ಕೊಟ್ಟು ನಿಂತ.” ಒಳಗಿನಿಂದ ಬಿಕ್ಕಳಿಕೆ.

“ಖರೆ ಐತೋ! ನಾ ಹೇಳತೇನಿ ತಡಿ.” ಮತ್ತೆ ಬಿಕ್ಕಳಿಕೆ.

ಸತ್ಯವನ್ನು ತಾವೇ ಪರೀಕ್ಷಿಸಿ ನೋಡುವ ಅವಕಾಶ ಜನರಿಗೆ ದಿನವೂ ಸಿಗುವುದಿಲ್ಲ. ಒಬ್ಬರಾದ ಮೇಲೊಬ್ಬರು ಹೇಳಿದರು. ಹೆಂಗಸರು ಹೇಳಿದರು. ಪಂಡಿತರೂ ನಾಲ್ಕನೆಯ ಮೂಲ ಸಿಕ್ಕೀತೆಂದು ಹೇಳಿದರು. ಒಳಗೊಬ್ಬ ಮುದುಕಿ ಉಸಿರಿಗೆ ಒದ್ದಾಡುತ್ತಿದ್ದಾಳೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಸತ್ಯ ಹುಡುಕುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ನಾನು “ಸಾಕು, ಸಾಕು” ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ.

ಕದ ತೆರೆಯಿತು. ಬಾಳವ್ವ ಹೊಸ್ತಿಲ ಮೇಲೆ ಬಂದು ನಿಂತಳು. ಮುಖ ಕೆಂಡವಾಗಿತ್ತು, ಒಂದು ಕೈ ಎದೆಯ ಮೇಲೆ.

“ಬಾಯಿ ಮುಚ್ಚರ್ಯೋ! ಈಗಷ್ಟ ಕೂಸು ಮಲಗೈತಿ. ನನ್ನ ಕೊಂದು ಯಾರ ಹಬ್ಬಾ ಮಾಡತೀರಿ?”

ಜನ ಬಾಯಿ ಮುಚ್ಚಿತು. ಗೌಡರು ಕಣ್ಣಿನಲ್ಲೇ ಗದರಿಸಿದರು. ಬಾಳವ್ವ ಅವರನ್ನು ನೋಡಿದಳು, ಮೂರ್ತಿಯನ್ನು ನೋಡಿದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎಂಬುದು ಅವಳ ಮುಖದಲ್ಲಿ ನನಗೆ ಕಂಡಿತು. ಹೇಳಿಬಿಟ್ಟಳು. ಚೆಂಬು, ಕಚ್ಚೆ, ಒಳಗಿನಿಂದ ಹಾಕಿದ ಅಗಳಿ, ಸಂಜೆಯ ತನಕ ತೆರೆಯದ ಬಾಗಿಲು, ಎಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾರೋ, “ಹಂಗಾದ್ರ ಮೂರ್ತಿ ಕೈಯಾಗಿಂದು ಕತ್ತಿ ತಗದು ಚೆಂಬು ಕೊಡ್ರಪಾ” ಎಂದ.

“ನಗ್ರಿ, ನಗ್ರಿ” ಎಂದಳು ಬಾಳವ್ವ. “ಧೋತರ ಬಿಚ್ಚಿ ಒಗದು ಓಡಿದ್ದರ ನಮ್ಮ ಮುತ್ಯಾ ಒಬ್ಬಾಂವ ಬದಕತಿದ್ದ. ಊರ ಉಳೀತಿರಲಿಲ್ಲ. ನೀವ್ಯಾರೂ ಹುಟ್ಟತಿರಲಿಲ್ಲ.”

ನಗು ಮೆಲ್ಲಗೆ ನಿಂತಿತು. ನನ್ನ ಮನಸ್ಸಿಗೆ ಆ ಮಾತು ಇಳಿಯಿತು. ದೇವರು ಕೆಲವರನ್ನು ಎದೆಗಾರಿಕೆ ಕೊಟ್ಟು ನಿಲ್ಲಿಸುತ್ತಾನೆ, ಕೆಲವರನ್ನು ಧೋತರ ಹಿಡಿದು ನಿಲ್ಲಿಸುತ್ತಾನೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಗೌಡರು ಇಂಥ ವಿಚಾರ ಮಾಡುವ ಸ್ಥಿತಿಯಲ್ಲಿರಲಿಲ್ಲ. ಶಲ್ಯ ಕೊಡವಿ, “ನಾಳೆ ಬರ್ತೇನಿ” ಎಂದಷ್ಟೇ ಹೇಳಿ ನಡೆದರು.

ಆ ಸಂಜೆಯೊಳಗೆ ಸಂತೆಪೇಟೆಯಲ್ಲಿ ಹೊಸ ಮಾತೊಂದು ಹುಟ್ಟಿತು. ಬೀಗರು ಇನ್ನೂ ಬಾಯಿ ತೆರೆಯುವ ಮೊದಲೇ “ಒಪ್ಪಿಗಿ ಐತ್ರಿ” ಎಂದ ಹೆಣ್ಣಿನ ಅಪ್ಪನನ್ನು ಕಂಡು ಯಾರೋ, “ಗೌಡರ ಹಂಗ ಬಿಕ್ಕಿದ ನೋಡು” ಎಂದರು. ಎಂಥ ಉಪಯೋಗದ ಮಾತು! ಇಷ್ಟು ದಿನ ಇದಿಲ್ಲದೆ ನಾವು ಹೇಗೆ ಬದುಕಿದ್ದೆವೋ ಅನ್ನಿಸುವಂತಾಯಿತು. ಸಾಹುಕಾರ ಹಾಸ್ಯ ಮಾಡುವ ಮೊದಲೇ ನಗುವವರು, ಅಧಿಕಾರಿ ಗಾಡಿ ಇಳಿಯುವ ಮೊದಲೇ ಕಾಲಿಗೆ ಬೀಳುವವರು, ನಾನು ಶ್ಲೋಕ ಮುಗಿಸುವ ಮೊದಲೇ ಆಹಾ ಎನ್ನುವವರು ನಮ್ಮಲ್ಲಿ ಎಷ್ಟಿದ್ದರೆಂದು ಆ ಮಾತು ಬಂದ ಮೇಲೆಯೇ ತಿಳಿದದ್ದು. ಬಿಕ್ಕದ ಮನೆಯವರಾಗಿದ್ದ ದ್ಯಾಮನಗೌಡರಿಗೆ ಆ ರಾತ್ರಿ ಮೊದಲ ಸಲ ತಾವಾಗಿ ಮಾಡದ ಬಿಕ್ಕಳಿಕೆ ಬಂತು. ಅದಕ್ಕೆ ಗಾಂಭೀರ್ಯವೇನೂ ಇರಲಿಲ್ಲ, ಕೋಳಿಮರಿ ತುಳಿದ ಹಾಗೆ ಸದ್ದು ಬಂತೆಂದು ಅವರ ಮನೆಯ ಆಳುಗಳು ಹೇಳಿದರು.

ಮರುದಿನ ಮುಂಜಾನೆ ಗೌಡರು ಬಂದು ಬಾಳವ್ವನ ಹೊಸ್ತಿಲ ಮುಂದೆ ನಿಂತರು. “ಬಾಳವ್ವಾ, ಈ ಮನಿ ಇವತ್ತಿ... ಬಿಕ್!” ಮತ್ತೆ ಶುರುಮಾಡಿದರು. “ಬಾಳವ್ವಾ, ಈ ಮ... ಬಿಕ್!” ಊರು ಆಗತಾನೇ ಎದ್ದು ಮಾತಿಗೆ ತೊಡಗಿತ್ತು. ಬಾವಿಯ ಬಳಿ ಒಬ್ಬರು, ಹಾಲಿನವನ ಮುಂದೆ ಒಬ್ಬರು. ಬಹಳ ಹೊತ್ತು ನಿಂತು, ಬೆವರು ಒರೆಸಿಕೊಂಡು ಹೋದರು.

ಆದರೆ ಗೌಡರು ದಡ್ಡರಲ್ಲ. ನಮ್ಮೂರಿನಲ್ಲಿ ಊಟದ ಹೊತ್ತಿಗೆ ಯಾರೂ ಇಂಥ ಮಾತುಗಳನ್ನು ಆಡುವುದಿಲ್ಲ, ಯಾವ ಹಿರಿಯರ ಗಂಟಲಲ್ಲಿ ತುತ್ತು ಸಿಕ್ಕೀತೋ ಎಂಬ ಭಯಕ್ಕೆ. ಬದ್ಧವೈರಿಗಳೂ ಆ ಕಟ್ಟು ಮೀರುವುದಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಬರಿಯ ನೇರ ಮಾತಾಡುವುದರಿಂದಲೋ ಏನೋ ಗಂಡಹೆಂಡಿರ ಜಗಳಗಳೆಲ್ಲ ಆಗಲೇ ಆಗುತ್ತವೆ. ಗೌಡರು ಎರಡು ದಿನ ಬಿಟ್ಟು, ಸರಿಯಾಗಿ ನಡುಮಧ್ಯಾಹ್ನ ಬಂದರು. ಓಣಿ ಖಾಲಿ, ಎಲ್ಲ ಮನೆಗಳಲ್ಲಿ ತಾಟಿನ ಸದ್ದು. ನಾನು ಮೊದಲ ತುತ್ತು ಕಲಸುತ್ತಿದ್ದೆ. ಕಿಟಕಿಯಿಂದ ಕಂಡಿತು. ಬಾಳವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ಎದ್ದು ಹೊಸ್ತಿಲಿಗೆ ಬಂದಳು. ಹಿಂದೆ ಕಲ್ಲವ್ವ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

ಗೌಡರು ಉಸಿರು ತುಂಬಿಕೊಂಡರು. ಬಿಕ್ಕಳಿಕೆಯ ಸುಳಿವಿಲ್ಲ. “ಬಾಳವ್ವಾ, ಈ ಅಗಸಿ ಮನಿ ನಮ್ಮ ಹಿರ್ಯಾರು ಕೊಟ್ಟದ್ದು. ಅದನ್ನ ಇವತ್ತಿನಿಂದ...”

ಎದುರುಮನೆಯಿಂದ, ಬಾಯಲ್ಲಿ ಅನ್ನ ಇಟ್ಟುಕೊಂಡೇ, ಯಮನಪ್ಪನ ಹೆಂಡತಿ ಕೂಗಿದಳು: “ಗೌಡರ ಹಂಗ ಬಿಕ್ಕಿದ!”

“ಬಿಕ್!”

ಪಕ್ಕದ ಮನೆಯಿಂದ ಇನ್ನೊಂದು ದನಿ ಬಂತು. ಅದರಾಚೆಯಿಂದ ಮತ್ತೊಂದು. ಮೊನ್ನೆ ಬಾಳವ್ವನನ್ನು ಉಸಿರುಗಟ್ಟಿಸಿದ ಅದೇ ಬಾಯಿಗಳು, ತುತ್ತು ನುಂಗುವ ತಾಳ್ಮೆಯೂ ಇಲ್ಲದೆ. ನಾನು ಎಂಬತ್ತರ ಹೊಸ್ತಿಲಲ್ಲಿರುವವನು, ಊಟದ ನಡುವೆ ಮಾತಾಡಿದವನಲ್ಲ. ಕಲ್ಲೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದು, ಕಲಸಿದ ತುತ್ತನ್ನು ತಾಟಿನಲ್ಲಿಟ್ಟು, ಕಿಟಕಿಗೆ ಬಾಯಿ ಕೊಟ್ಟು ಆ ಮಾತನ್ನು ಆಡಿದೆ.

ಗೌಡರು ಹೊಸ್ತಿಲ ಮುಂದೆ ನಿಂತೇ ಇದ್ದರು. ಮುಂದಕ್ಕೆ ಮಾತು ಹೋಗದು, ಹಿಂದಕ್ಕೆ ಕಾಲು ಹೋಗದು. ಕೊನೆಗೆ ಕಟ್ಟೆಯ ಮೇಲೆ ಕುಸಿದು ಕೂತರು. ಬಾಳವ್ವ ಒಳಗಿನಿಂದ ನೀರು ತಂದುಕೊಟ್ಟಳು. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಪಕ್ಕದಲ್ಲೇ, ಸ್ವಲ್ಪ ದೂರ ಬಿಟ್ಟು, ಕೂತಳು.

“ತಡೀಬ್ಯಾಡ್ರಿ ಗೌಡ್ರ. ತಡದಷ್ಟೂ ಎದಿ ನೋಯ್ತೈತಿ. ಬಂದಾಗ ಬರಲಿ ಬಿಡ್ರಿ.”

ಗೌಡರು ನೀರು ಕುಡಿದರು, ಬಿಕ್ಕಿದರು, ಮತ್ತೆ ಕುಡಿದರು. ಓಣಿ ತನ್ನ ಊಟಕ್ಕೆ ಮರಳಿತು.

“ಎಷ್ಟ ದಿನಾ ಇರತೈತಿ ಇದು?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಬಾಳವ್ವ ಲೋಟ ವಾಪಸು ಇಸಿದುಕೊಂಡು ಯೋಚಿಸಿದಳು.

“ನಮ್ಮ ಮನ್ಯಾಗಂತೂ ನಾಕ ತಲಿಮಾರ ಆತ್ರಿ.”